ಗಾಜಿನಡಿ ತಾನೇ ನಡೆದ ಬೆಳಕು

"ಇಲ್ಲ ಅಂತೈತ್ರಿ," ಅಂದಳು ನೇತ್ರಾ.

ಕಪ್ಪು ಪರದೆಯ ಮೇಲೆ ಒಂದೇ ಸಾಲು ಮೂಡಿತ್ತು. ಯಾವ ಸ್ಕ್ಯಾನರೂ ಸಿಗಲಿಲ್ಲ.

"ಕಣ್ಣ ಮುಂದ ಕುಂತೈತಲ್ಲವಾ!" ಬೀರಲಿಂಗಪ್ಪ ಮೇಜಿನ ಮೇಲಿದ್ದ ಸ್ಕ್ಯಾನರಿನ ಮುಚ್ಚಳವನ್ನು ಬೆರಳಿನಿಂದ ಬಡಿದರು. "ರೊಟ್ಟಿ ಬಡಿಯೋ ಹಲಗಿಯಷ್ಟು ಐತಿ. ಇಷ್ಟ ದೊಡ್ಡದು ಅದಕ್ಕ ಕಾಣವಲ್ದಂದ್ರ?"

"ವೈರಿನ ತುದ್ಯಾಗ ಏನೋ ಒಂದು ಐತಿ ಅಂತ ಗೊತ್ತಾಗೈತ್ರಿ. ಅದು ಸ್ಕ್ಯಾನರ್ ಅಂತ ಗೊತ್ತಾಗವಲ್ದು. ತಡೀರಿ ಸ್ವಲ್ಪ."

ಪೊಲೀಸ್ ಫೌಜದಾರಿಕೆಯಿಂದ ನಿವೃತ್ತರಾಗಿ ಹಿರೇವಡ್ಡಟ್ಟಿಯಲ್ಲಿ ಹೊಲ ನೋಡಿಕೊಂಡಿದ್ದ, ನೇತ್ರಾಳ ತಂದೆಯ ಹಳೆಯ ಗೆಳೆಯ ಬೀರಲಿಂಗಪ್ಪನವರಿಗೆ ಕಾಯುವುದು ಗೊತ್ತಿತ್ತು, ಆದರೆ ಈ ಕೋಣೆಯಲ್ಲಿ ಕಾಯುವುದು ಬೇಕಿರಲಿಲ್ಲ. ಮತ್ತೆ ಮತ್ತೆ ಬಾಗಿಲ ಕಡೆ ನೋಡುತ್ತಿದ್ದರು. ಬಾಗಿಲಾಚೆ, ಮುಚ್ಚಿದ ನೂಲಿನ ಕೋಣೆಯ ಪಕ್ಕ, ಕಡಿದಾದ ಕಲ್ಲಿನ ಮೆಟ್ಟಿಲು. ಅದೇ ಮೆಟ್ಟಿಲಿಂದ ಜಾರಿ ಬಿದ್ದು ನೇತ್ರಾಳ ಅಣ್ಣ ಕಳಕೇಶ ಸತ್ತನೆಂದು ಬೆಟಗೇರಿಯೆಲ್ಲ ನಂಬಿತ್ತು. ನಂಬದವರು ಈ ಇಬ್ಬರೇ.

ಇದು ಹೊಳೆಯಪ್ಪನ ಮಗ್ಗದ ಮನೆಯ ಮಾಳಿಗೆ. ಕಳಕೇಶ ಇಲ್ಲಿ ಕೂತು ಸೀರೆಯ ಅಂಚು, ಸೆರಗಿನ ವಿನ್ಯಾಸ ಮಾಡುತ್ತಿದ್ದ. ಹಳೆಯ ಇಳಕಲ್ಲು, ಗುಳೇದಗುಡ್ಡದ ಖಣ, ಯಾರದೋ ಅಜ್ಜಿಯ ಮದುವೆ ಸೀರೆ, ಏನು ಸಿಕ್ಕರೂ ಈ ಗಾಜಿನ ಮೇಲೆ ಹಾಸಿ ಚಿತ್ರ ತೆಗೆದು ಎಳೆ ಎಳೆ ಬಿಡಿಸಿ ನೋಡುತ್ತಿದ್ದ. ಅವನು ಸತ್ತ ದಿನದಿಂದ ಅವನ ಲ್ಯಾಪ್‌ಟಾಪ್ ಕಾಣೆ. ಮೇಜಿನ ಕೆಳಗಿದ್ದ ಹಳೆಯ ಕಂಪ್ಯೂಟರಿನ ಡಿಸ್ಕನ್ನೂ ಯಾರೋ ಕಿತ್ತೊಯ್ದಿದ್ದರು.

ನೇತ್ರಾ ಗದಗಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಹೊಸ ಡಿಸ್ಕ್ ತಂದು ಕೂರಿಸಿ, ಅಣ್ಣ ಬಳಸುತ್ತಿದ್ದ ಲಿನಕ್ಸ್ ಎಂಬ ತಂತ್ರಾಂಶವನ್ನೇ ಅದಕ್ಕೆ ಹಾಕಿದ್ದಳು. "ಇದು ಯಾರಪ್ಪನ ಸೊತ್ತೂ ಅಲ್ಲ ತಂಗಿ. ಒಳಗ ಏನೈತಿ ಅಂತ ಬಿಚ್ಚಿ ನೋಡಬೌದು," ಅನ್ನುತ್ತಿದ್ದ ಅವನು. ಈಗ ಬಿಚ್ಚಿ ನೋಡುವ ಕೆಲಸ ಅವಳ ಪಾಲಿಗೆ ಬಂದಿತ್ತು.

ಅವಳ ಚೀಲದಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಎರಡು ಬೆರಳಗಲದ ಬಟ್ಟೆಯ ಚೂರಿತ್ತು. ಕಡುಗೆಂಪು ಬಣ್ಣ, ಹರಿದ ಅಂಚು. ಲಕ್ಷ್ಮೇಶ್ವರದ ಮನೆಯಲ್ಲಿ ಮಗನ ಮೈ ತೊಳೆಯುವಾಗ ಅಮೃತವ್ವನಿಗೆ ಅವನ ಮುಚ್ಚಿದ ಮುಷ್ಟಿಯೊಳಗೆ ಸಿಕ್ಕಿದ್ದು. ಜಾರಿ ಬೀಳುವವನ ಕೈಗೆ ಬಟ್ಟೆ ಸಿಗುವುದು ಪಕ್ಕದಲ್ಲಿ ಯಾರಾದರೂ ಇದ್ದಾಗ ಮಾತ್ರ.

"ಈ ವಿಷಯ ನಿನ್ನ ಗಂಡಗೂ ಹೇಳಬ್ಯಾಡ," ಎಂದಿದ್ದರು ಬೀರಲಿಂಗಪ್ಪ. ಅವಳು ಹೇಳಿರಲಿಲ್ಲ. ಬೆಳಿಗ್ಗೆ ಸುದೀಪ ಅವಳನ್ನು ಗದಗಿನ ಬಸ್ ನಿಲ್ದಾಣದ ಹತ್ತಿರ ಇಳಿಸಿ, ಮುಂಡರಗಿಯ ತನ್ನ ಬೀಜ-ಗೊಬ್ಬರದ ಅಂಗಡಿಗೆ ಹೋಗಿದ್ದ. ಅಣ್ಣನ ಸಾಮಾನು ಕಟ್ಟಿಡಲು ಹೊರಟಿದ್ದಾಳೆ ಎಂಬುದಷ್ಟೇ ಅವನಿಗೆ ಗೊತ್ತು.

"ನೋಡ್ರಿ, ಈಗ ಕಂಡ್ತು," ಅಂದಳು ನೇತ್ರಾ. "ಯಜಮಾನಕಿ ಕೊಟ್ಟು ಕೇಳಿದ್ರ ಐತಿ ಅಂತೈತಿ. ಸಾದಾ ಮಂದಿ ಕೇಳಿದ್ರ ಇಲ್ಲ ಅಂತೈತಿ. ಮುಟ್ಟಾಕ ನಂಗ ಅಪ್ಪಣಿ ಇರಲಿಲ್ಲ, ಅಷ್ಟ."

ಸ್ಕ್ಯಾನರ್ ಮುಟ್ಟಬಹುದಾದವರ ಗುಂಪಿಗೆ ತನ್ನ ಹೆಸರು ಸೇರಿಸಿ, ಖಾತೆಯಿಂದ ಹೊರಬಂದು ಮತ್ತೆ ಒಳಹೋದಳು. ಈ ಸಲ ಅದು ಸ್ಕ್ಯಾನರನ್ನು ಹೆಸರು ಹಿಡಿದು ಕರೆಯಿತು. ಆದರೆ ಚಿತ್ರ ಕೇಳಿದರೆ ಇನ್ನೊಂದು ತಕರಾರು ತೆಗೆಯಿತು. ಈ ಯಂತ್ರಕ್ಕೆ ನೆನಪಿನ ಶಕ್ತಿಯಿಲ್ಲ. ಪ್ರತಿ ಸಲ ಹಚ್ಚಿದಾಗಲೂ ಅದರ ಬುದ್ಧಿಯನ್ನು ಒಂದು ಪುಟ್ಟ ಫೈಲಿನ ಮೂಲಕ ಹೊರಗಿಂದ ಉಣ್ಣಿಸಬೇಕು. ಸ್ಕ್ಯಾನರಿನ ಜೊತೆ ಬಂದಿದ್ದ ಸಿಡಿ ಕಪಾಟಿನಲ್ಲಿ ಸಿಕ್ಕಿತು. ಅದರೊಳಗಿಂದ ಫೈಲು ತೆಗೆದು ಸರಿಯಾದ ಜಾಗದಲ್ಲಿಟ್ಟಳು. ಹೆಸರಿನಲ್ಲಿ ಒಂದು ಅಕ್ಷರ ದೊಡ್ಡದಿತ್ತು, ಅದಕ್ಕೂ ಮುನಿಸಿಕೊಂಡಿತು. ತಿದ್ದಿದಳು.

ಗಾಜಿನಡಿ ಬಿಳಿ ದೀಪ ಹತ್ತಿತು.

ಇಬ್ಬರೂ ಬಗ್ಗಿದರು. ದೀಪ ಒಂದು ಗೇಣೂ ಸರಿಯಲಿಲ್ಲ. ಒಳಗಿಂದ ಕಟ್, ಕಟ್, ಕಟ್ ಎಂದು ಹಲ್ಲು ಕಡಿಯುವ ಸಪ್ಪಳ ಬಂತು. ನೇತ್ರಾ ಗಾಬರಿಯಾಗಿ ವೈರು ಕಿತ್ತಳು.

"ಕೆಟ್ಟೈತೇನು?"

ಅವಳು ಸ್ಕ್ಯಾನರನ್ನು ಮೆಲ್ಲಗೆ ವಾರೆ ಮಾಡಿ ತಳದಲ್ಲಿ ಬೆರಳಾಡಿಸಿದಳು. ಅಲ್ಲೊಂದು ಚಿಕ್ಕ ಗುಂಡಿಯಿತ್ತು. ಅದರ ಪಕ್ಕದಲ್ಲಿ ಬೀಗದ ಗುರುತು.

"ಕೀಲಿ ಹಾಕ್ಯಾರ್ರಿ."

"ಯಾರು? ಯಾಕ?"

"ಒಳಗಿನ ದೀಪದ ಗಾಡಿ ಅಲುಗಾಡಬಾರ್ದು ಅಂತ ಇರೋ ಕೀಲಿ ಇದು. ಸ್ಕ್ಯಾನರನ್ನ ಒಂದ್ಕಡಿಂದ ಇನ್ನೊಂದ್ಕಡಿ ಹೊತ್ಕೊಂಡು ಹೋಗೂಮುಂದ ಅಷ್ಟ ಹಾಕ್ತಾರ. ಅಣ್ಣ ದಿನಾ ಇದರಾಗ ಕೆಲಸ ಮಾಡ್ತಿದ್ದ. ಅಂವ ಯಾಕ ಹಾಕ್ಯಾನು?"

ಬೀರಲಿಂಗಪ್ಪ ಕುರ್ಚಿಯ ಮೇಲೆ ಕೂತರು. "ಅಂದ್ರ, ಲ್ಯಾಪ್‌ಟಾಪ್ ಒಯ್ದಾಂವ ಇದನ್ನೂ ಒಯ್ಯಾಂವ ಇದ್ದ. ಕೀಲಿ ಹಾಕಿ ತಯಾರ ಮಾಡ್ಯಾನ. ಅಷ್ಟರಾಗ ಯಾರೋ ಬಂದ್ರು, ಬಿಟ್ಟು ಹ್ವಾದ." ಸ್ಕ್ಯಾನರಿನತ್ತ ಬಗ್ಗಿ ಕೇಳಿದರು, "ಇಂಥಾ ಕೀಲಿ ಇರೂದು ಯಾರ್ಯಾರಿಗೆ ಗೊತ್ತವಾ?"

"ಇದನ್ನ ಹತ್ರದಿಂದ ನೋಡಿದವ್ರಿಗೆ ಅಷ್ಟ."

ಅವರ ಫೋನು ರಿಂಗಾಯಿತು. ಕೇಳಿಸಿಕೊಂಡು, "ಹಿಡಕೊಂಡು ಮಾತಾಡ್ಸ್ರಿ, ಬಂದೆ," ಎಂದಷ್ಟೇ ಹೇಳಿ ಎದ್ದರು. ಕಳಕೇಶ ಸತ್ತ ಮರುದಿನದಿಂದ ಕೆಲಸಕ್ಕೆ ಬಾರದೆ ತಪ್ಪಿಸಿಕೊಂಡಿದ್ದ ನೇಕಾರ ಉಡಚಪ್ಪ ಶಿರಹಟ್ಟಿಯಲ್ಲಿ ಬೀಗರ ಮನೆಯಲ್ಲಿ ಕಂಡಿದ್ದನಂತೆ.

"ನಾ ಹೋಗಿ ಬರ್ತೀನಿ. ನೀ ಇಲ್ಲಿ ಒಬ್ಬಾಕಿನ ಕುಂಡ್ರಬ್ಯಾಡ. ಕೆಳಗ ಹೆಣ್ಮಕ್ಕಳು ನೂಲು ಸುತ್ತಾಕತ್ತಾರ, ಅವರ ನಡುವ ಕುಂಡ್ರು."

"ಸ್ಕ್ಯಾನರ್ ಇಲ್ಲಿ ಐತಲ್ರಿ."

"ಕೆಳಗಿಂದ ನಡಸಾಕ ಬರೂದಿಲ್ಲೇನು?"

ಬರುತ್ತದೆ. ಅಣ್ಣನೂ ಹಾಗೆಯೇ ನಡೆಸುತ್ತಿದ್ದ. ಸ್ಕ್ಯಾನರಿನ ವೈರು ಈ ಹಳೆಯ ಕಂಪ್ಯೂಟರಿಗೆ, ಅವನು ಮಾತ್ರ ಲ್ಯಾಪ್‌ಟಾಪ್ ಹಿಡಿದು ಕೆಳಗೆ ಮಗ್ಗದ ಪಕ್ಕ ಕೂತು ಚಿತ್ರ ತರಿಸಿಕೊಳ್ಳುತ್ತಿದ್ದ.

ಬೀರಲಿಂಗಪ್ಪನವರ ಬೈಕಿನ ಸದ್ದು ಓಣಿಯ ತಿರುವಿನಲ್ಲಿ ಅಡಗಿತು. ನೇತ್ರಾ ಕೀಲಿ ತೆಗೆದಳು, ಬಟ್ಟೆಯ ಚೂರನ್ನು ಗಾಜಿನ ಮೇಲೆ ಹಾಸಿ ಮುಚ್ಚಳ ಹಾಕಿದಳು. ಸ್ಕ್ಯಾನರನ್ನು ಬೇರೆ ಯಂತ್ರಗಳಿಗೂ ಹಂಚುವ ಸೇವೆ ಹಚ್ಚಿದಳು. ಯಾವ ಯಾವ ಯಂತ್ರ ಕೇಳಿದರೆ ಕೊಡಬೇಕು ಎಂದು ಬರೆಯುವ ಜಾಗ ಬಂತು. ತನ್ನ ಲ್ಯಾಪ್‌ಟಾಪಿನ ವಿಳಾಸ ಒಂದನ್ನೇ ಬರೆಯಬೇಕಿತ್ತು. ಹಿಂದೆ ಮೆಟ್ಟಿಲ ಬಾಗಿಲು ಗಾಳಿಗೆ ಕಿರ್ ಎಂದಿತು. ಅವಳು ಗಡಬಡಿಸಿ ಈ ಮಗ್ಗದ ಮನೆಯ ವೈಫೈಯೊಳಗಿನ ಎಲ್ಲ ಯಂತ್ರಕ್ಕೂ ಅಪ್ಪಣೆ ಎಂದು ಬರೆದು, ಲ್ಯಾಪ್‌ಟಾಪ್ ಎತ್ತಿಕೊಂಡು ಕೆಳಗಿಳಿದುಬಿಟ್ಟಳು. ಆಮೇಲೆ ಬಿಗಿ ಮಾಡಿದರಾಯಿತು ಅಂದುಕೊಂಡಳು.

ಕೆಳಗೆ ನೂಲಿನ ರಾಟೆಗಳ ಮುಂದೆ ಹೆಂಗಸರು ಹರಟುತ್ತಿದ್ದರು. ಜಾಸ್ಮಿನ ಎಂಬಾಕೆ ಸರಿದು ಚಾಪೆಯಲ್ಲಿ ಜಾಗ ಕೊಟ್ಟಳು. "ಚಾ ಕುಡೀತೀರೇನ್ರಿ? ಮಾರಿ ಬೆಳ್ಳಗಾಗೈತಿ ನಿಮ್ದು."

ನೇತ್ರಾ ಬೇಡವೆಂದು ತಲೆಯಾಡಿಸಿ ಗುಂಡಿ ಒತ್ತಿದಳು.

ತಲೆಯ ಮೇಲೆ, ಮಾಳಿಗೆಯ ಹಲಗೆಯಾಚೆ, ಜುಂಯ್ ಎಂದು ಮೆಲುವಾದ ಸದ್ದು ಹೊರಟಿತು. ಖಾಲಿ ಕೋಣೆಯಲ್ಲಿ ದೀಪ ನಡೆಯುತ್ತಿತ್ತು. ತಾನೇ ನಡೆಸಿದ್ದೆಂದು ಗೊತ್ತಿದ್ದರೂ ಅವಳ ಮೈಮೇಲೆ ಮುಳ್ಳೆದ್ದವು.

ಚಿತ್ರ ಮೇಲಿನಿಂದ ಕೆಳಕ್ಕೆ, ಪಟ್ಟಿ ಪಟ್ಟಿಯಾಗಿ ಇಳಿಯಿತು. ಎಳೆಗಳು ಹಗ್ಗದಷ್ಟು ದಪ್ಪ ಕಂಡವು. ಕೆಂಪು ಎಳೆಗಳ ನಡುವೆ ಒಂದು ಕಡೆ ಸಣ್ಣ ಸಂದು, ಬೈತಲೆ ತೆಗೆದ ಹಾಗೆ. ಅದು ಮೇಲಿನಿಂದ ಕೆಳಗಿನವರೆಗೂ ಓಡಿತ್ತು. ಬರಿಗಣ್ಣಿಗೆ ಕಾಣದ್ದು ಈಗ ಗೆರೆ ಕೊರೆದಂತೆ ಕಂಡಿತು.

ನೇಕಾರರ ಮನೆಯ ಮಗಳಿಗೆ ಅದು ಏನೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಎಳೆ ಹಾಯುವ ಹಣಿಗೆಯಲ್ಲಿ ಒಂದು ಹಲ್ಲು ಬಾಗಿದರೆ ಆ ಮಗ್ಗದಲ್ಲಿ ನೇಯ್ದ ಪ್ರತಿ ಬಟ್ಟೆಯಲ್ಲೂ ಇಂಥ ಸಂದು ಬೀಳುತ್ತದೆ.

ಅವಳು ಎದ್ದು ಮಗ್ಗದ ಕುಣಿಗಳ ಪಕ್ಕ ನಡೆಯುತ್ತ ಹೋದಳು. ನೇಯುತ್ತಿದ್ದವರು ತಲೆಯೆತ್ತಿ ನೋಡಿ ಮತ್ತೆ ಲಾಳಿ ಎಸೆದರು. ಕೊನೆಯ ಮಗ್ಗ ಖಾಲಿ, ಉಡಚಪ್ಪನದು. ಅರ್ಧ ನೇಯ್ದ ಕಡುಗೆಂಪು ಸೀರೆ ಧೂಳು ಹಿಡಿದಿತ್ತು. ಅವಳು ಅದರ ಕೆಳಗೆ ಕೈಯಿಟ್ಟು ಬೆಳಕಿಗೆ ಎತ್ತಿದಳು. ಕಿಟಕಿಯ ಬಿಸಿಲು ಒಂದು ಸಂದಿನಲ್ಲಿ ದಾರದ ಹಾಗೆ ಸೋರಿತು.

ಅದೇ ಗೆರೆ.

ಬಟ್ಟೆಯ ಚೂರು ಮಾಳಿಗೆಯಲ್ಲಿ ಗಾಜಿನ ಮೇಲೆಯೇ ಇದೆ ಎಂಬುದು ಆಗ ಅವಳಿಗೆ ಚುಚ್ಚಿ ನೆನಪಾಯಿತು. ಲ್ಯಾಪ್‌ಟಾಪ್ ಮುಚ್ಚಿ ಕಂಕುಳಲ್ಲಿ ಅವಚಿಕೊಂಡು ಮೆಟ್ಟಿಲು ಹತ್ತಿದಳು.

ಬಾಗಿಲು ತೆರೆದಿತ್ತು. ಹೊಳೆಯಪ್ಪ ಮೇಜಿನ ಮುಂದೆ ನಿಂತಿದ್ದ, ಸ್ಕ್ಯಾನರಿನ ಮುಚ್ಚಳದ ಮೇಲೆ ಅಂಗೈಯೂರಿ.

ಮಗ್ಗದ ಮನೆಯ ಮಾಲೀಕ ಅವನು. ಐವತ್ತು ದಾಟಿದ ಗಟ್ಟಿ ಆಳು, ಯಾವಾಗಲೂ ಇಸ್ತ್ರಿ ಮಾಡಿದ ಬಿಳಿ ಅಂಗಿ. ಕಳಕೇಶ ಜಾರಿ ಬಿದ್ದ ಎಂದು ಪೊಲೀಸರ ಮುಂದೆ ಮೊದಲು ಹೇಳಿದವನೂ ಅವನೇ.

"ಸಾಮಾನು ಕಟ್ಟಾಕ ಬಂದೀನಿ ಅಂದಿದ್ದಿಯಲ್ಲವಾ ತಂಗಿ?" ಅವನ ದನಿ ಮೆತ್ತಗಿತ್ತು. "ಒಂದ ಡಬ್ಬೀನೂ ಕಟ್ಟಿಲ್ಲ. ಈ ಕೆಟ್ಟ ಯಂತ್ರ ಹಚ್ಚಿ ಏನ್ ನೋಡಾಕತ್ತೀ?"

"ಕೆಟ್ಟೈತಿ ಅಂತ ಯಾರು ಹೇಳಿದ್ರಿ?"

"ಅಂದ್ರ, ಹಳೇದಾತಲ್ಲ, ಕೆಟ್ಟಿರಬೇಕು."

ನೇತ್ರಾ ಬಾಗಿಲಲ್ಲೇ ನಿಂತಳು. ಓಡಿದರೆ ಬಟ್ಟೆ ಹೋಗುತ್ತದೆ. ಒಳಗೆ ಹೋದರೆ ಬಾಗಿಲು ಅವನ ಕೈಗೆ ಸಿಗುತ್ತದೆ. ಒಂದು ಉಪಾಯ ಹೊಳೆಯಿತು.

"ಖರೆ ಹೇಳ್ಬೇಕಂದ್ರ ನಡೀವಲ್ದ್ರಿ. ಯಾರೋ ಅದಕ್ಕ ಕೀಲಿ ಹಾಕ್ಯಾರ. ನೀವು ಸ್ವಲ್ಪ ತಗದು ಕೊಡ್ತೀರೇನು?"

ಹೊಳೆಯಪ್ಪ ಹುಬ್ಬು ಗಂಟಿಕ್ಕಿ ಬಗ್ಗಿದ. ಮುಚ್ಚಳದ ಅಂಚಿನಲ್ಲಿ ಹುಡುಕಿದ, ಮುಂದೆ ಹುಡುಕಿದ, ಎಡಕ್ಕೆ ಬಲಕ್ಕೆ ಕೈಯಾಡಿಸಿದ. "ಎಲ್ಲೈತಿ ಕೀಲಿಕೈ ಹಾಕೋ ತೂತು? ಕಾಣವಲ್ದಲ್ಲ." ತಳ ನೋಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಸ್ಕ್ಯಾನರ್ ಒಯ್ಯಲು ಹೊರಟವನು ಇವನಲ್ಲ. ಹಾಗಾದರೆ ಯಾರು?

ಬಗ್ಗಿದ ಭರದಲ್ಲಿ ಹೊಳೆಯಪ್ಪ ಮುಚ್ಚಳ ಎತ್ತಿಬಿಟ್ಟ.

ಕೆಂಪು ಚೂರನ್ನು ನೋಡಿ ಅವನ ಕೈ ಗಾಳಿಯಲ್ಲೇ ನಿಂತಿತು.

"ಇದು ನಿನಗೆಲ್ಲಿ ಸಿಕ್ತು?"

"ಅಣ್ಣನ ಮುಷ್ಟ್ಯಾಗ."

ಅವನು ಮುಚ್ಚಳವನ್ನು ಹಾವಿನ ಬುಟ್ಟಿ ಮುಚ್ಚುವಂತೆ ಮುಚ್ಚಿದ. ಹಣೆಯ ಮೇಲೆ ಬೆವರು ಮೂಡಿತು.

"ಉಡಚಪ್ಪನ ಮಗ್ಗದ ಬಟ್ಟಿ ಇದು," ಅಂದಳು ನೇತ್ರಾ. "ಹಣಿಗಿ ಹಲ್ಲು ಬಾಗೈತಿ. ಸುಳ್ಳು ಹೇಳಬ್ಯಾಡ್ರಿ. ಈಗರೆ ಕೆಳಗ ನೋಡಿ ಬಂದೀನಿ."

"ಸುಳ್ಳು ಯಾಕ ಹೇಳ್ಲಿ? ಹಲ್ಲು ಬಾಗಿದ್ದು ನಂಗೂ ಗೊತ್ತು. ಆ ಹಣಿಗಿ ಮ್ಯಾಲ ಒಂದ ಒಂದು ಸೀರಿ ಪೂರಾ ಇಳಿದಿತ್ತು. ಮಾರಾಕ ಬರಲಾರದ ಸೀರಿ. ಅದನ್ನ ನಾ ಅಂಗಡಿಗೆ ಕಳಸ್ಲಿಲ್ಲ, ಸಾಮಾನು ಸುತ್ತಾಕ ಅಂತ ಒಬ್ಬರು ಕೇಳಿದ್ರು, ಕೊಟ್ಟೆ." ಅವನು ಉಸಿರು ಎಳೆದುಕೊಂಡ. "ನೋಡು, ನಿಮ್ಮಣ್ಣ ಜಾರಿದ್ದನ್ನ ನಾ ಕಣ್ಣಾರೆ ನೋಡಿಲ್ಲ. ಸಪ್ಪಳ ಕೇಳಿ ಬಂದೆ. ಮ್ಯಾಲ ಯಾರೋ ಓಡಾಡಿದಂಗ ಆತು. ನಾ ಹತ್ತಿ ನೋಡ್ಲಿಲ್ಲ. ಅಂಜಿಕಿ ಬಂತು. ಜಾರಿದ ಅಂತ ಹೇಳಿಬಿಟ್ಟೆ."

"ಆ ಸೀರಿ ಯಾರಿಗ್ ಕೊಟ್ರಿ?"

"ತಂಗಿ, ಅದನ್ನ ನನ್ನ ಬಾಯಾಗ ಹೇಳಸಬ್ಯಾಡ."

"ಯಾರಿಗ್ರಿ?"

ಹೊಳೆಯಪ್ಪ ಅವಳನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಕೆಟ್ಟ ಸುದ್ದಿ ಹೊತ್ತು ತಂದವನು ಅಂಗಳದಲ್ಲಿ ನಿಂತು ಮನೆಯ ಹೆಣ್ಣುಮಗಳನ್ನು ನೋಡುವ ನೋಟ ಅದು. ಅವನ ತುಟಿ ಅಲುಗಿತು.

ಜುಂಯ್.

ಮುಚ್ಚಳದ ಸುತ್ತ ಬಿಳಿ ಬೆಳಕಿನ ಗೆರೆಯೊಂದು ಹೊತ್ತಿತು. ಗಾಜಿನಡಿ ದೀಪ ತಾನೇ ಹೊರಟಿತ್ತು. ನಿಧಾನವಾಗಿ, ಒಂದು ತುದಿಯಿಂದ ಇನ್ನೊಂದು ತುದಿಗೆ, ಬಟ್ಟೆಯ ಮೈಯನ್ನೆಲ್ಲ ಸವರುತ್ತ.

ಹೊಳೆಯಪ್ಪ ಹಿಂದಕ್ಕೆ ಹಾರಿದ. "ನಾ ಏನೂ ಮುಟ್ಟಿಲ್ಲವಾ! ದೇವರಾಣಿ, ನಾ ಮುಟ್ಟಿಲ್ಲ!"

"ನಾನೂ ಮುಟ್ಟಿಲ್ಲ," ಅಂದಳು ನೇತ್ರಾ. ಅವಳ ಲ್ಯಾಪ್‌ಟಾಪ್ ಮುಚ್ಚಿದ ಹಾಗೆಯೇ ಕಂಕುಳಲ್ಲಿತ್ತು.

ದೀಪ ಕೊನೆ ಮುಟ್ಟಿತು, ತಡೆಯಿತು, ಸರ್ರನೆ ವಾಪಸು ಬಂದು ಆರಿತು.

"ಕಳಕೇಶಾ..." ಎಂದು ಗೊಣಗಿದ ಹೊಳೆಯಪ್ಪ. ಮರುಕ್ಷಣ ಅವಳನ್ನು ಪಕ್ಕಕ್ಕೆ ಸರಿಸಿ ಮೆಟ್ಟಿಲಿಳಿದು ಹೋದ. ಕೆಳಗೆ ಜಾಸ್ಮಿನ "ಏನಾತ್ರಿ ಯಜಮಾನ್ರ?" ಎಂದು ಕೂಗಿದ್ದು ಕೇಳಿತು.

ನೇತ್ರಾ ಮೊದಲು ಬಟ್ಟೆಯ ಚೂರು ತೆಗೆದು ಕುಪ್ಪಸದೊಳಗೆ ಸೇರಿಸಿದಳು. ಬಾಗಿಲಿಗೆ ಅಗಳಿ ಹಾಕಿದಳು.

ಸತ್ತವರು ಸ್ಕ್ಯಾನರ್ ನಡೆಸುವುದಿಲ್ಲ. ಯಾವುದೋ ಯಂತ್ರ ಕೇಳಿದೆ, ಇದು ಕೊಟ್ಟಿದೆ. ಎಲ್ಲರಿಗೂ ಅಪ್ಪಣೆ ಎಂದು ಬರೆದವಳು ತಾನೇ. ಈಗ ಎಲ್ಲೋ ಒಂದು ಪರದೆಯ ಮೇಲೆ ಆ ಕೆಂಪು ಚೂರು ಎಳೆ ಎಳೆಯಾಗಿ ಬಿದ್ದಿದೆ. ಚೂರು ಯಾರ ಕೈಯಲ್ಲಿದೆ ಎಂಬುದೂ ಆ ಪರದೆಯ ಮುಂದೆ ಕೂತವನಿಗೆ ತಿಳಿದುಹೋಗಿದೆ.

ಬೀರಲಿಂಗಪ್ಪನವರಿಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಬೈಕಿನ ಮೇಲಿರಬೇಕು.

ಕಂಪ್ಯೂಟರಿನ ಮುಂದೆ ಕೂತಳು. ಯಾರು ಕೇಳಿದರು, ಯಾವ ಯಂತ್ರದಿಂದ ಕೇಳಿದರು ಎಂಬುದನ್ನೆಲ್ಲ ಲಿನಕ್ಸ್ ಒಂದು ಮೂಲೆಯಲ್ಲಿ ದಾಖಲಿಸಿಡುತ್ತದೆ. ಅದನ್ನು ತೆರೆದಳು. ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಮೊದಲ ಸಾಲು ಅವಳದೇ, ಕೆಳಗೆ ಚಾಪೆಯ ಮೇಲೆ ಕೂತು ಕೇಳಿದ್ದು. ಅದರ ಕೆಳಗೆ ಹೊಸ ಸಾಲು.

ಯಂತ್ರದ ಹೆಸರು, ಲಾಳಿ.

ಅವಳ ಕಣ್ಣು ಮಂಜಾಯಿತು. ಲಾಳಿ ಎಂದರೆ ಕಳಕೇಶನ ಲ್ಯಾಪ್‌ಟಾಪು. "ಅತ್ತಿಂದಿತ್ತ ಓಡಾಡೂದ ಇದರ ಕೆಲಸ," ಎಂದು ನಕ್ಕು ಆ ಹೆಸರಿಟ್ಟಿದ್ದ. ಅದಕ್ಕೆ ಈ ಸ್ಕ್ಯಾನರಿನ ದಾರಿ ಮೊದಲೇ ಗೊತ್ತು. ಇಲ್ಲಿ ಸೇವೆ ಹಚ್ಚಿದ ಕೂಡಲೇ ಅದಕ್ಕೆ ಕಂಡಿರುತ್ತದೆ. ಆದರೆ ಈ ವೈಫೈ ಓಣಿಯನ್ನೂ ದಾಟುವುದಿಲ್ಲ. ಕದ್ದ ಲ್ಯಾಪ್‌ಟಾಪು ಈಗ, ಈ ಹೊತ್ತಿನಲ್ಲಿ, ಇದೇ ಗೋಡೆಗಳ ನಡುವೆ ತೆರೆದು ಕೂತಿದೆ.

ಯಂತ್ರದ ಹೆಸರಿನ ಹಿಂದೆ ಇನ್ನೊಂದು ಹೆಸರಿತ್ತು, ಅದರೊಳಗೆ ಹೊಕ್ಕು ಕೂತವರದು. ಕಳಕೇಶ ಎಂದು ಇರಬೇಕಾಗಿತ್ತು.

ನೇತ್ರಾ ಎಂದಿತ್ತು.

ಅವಳು ತನ್ನ ಹೆಸರನ್ನೇ ಮತ್ತೆ ಮತ್ತೆ ಓದಿದಳು. ಹೌದು, ತಂಗಿ ಬಂದಾಗ ಬಳಸಲಿ ಎಂದು ಅಣ್ಣ ಲಾಳಿಯಲ್ಲಿ ಅವಳಿಗೊಂದು ಖಾತೆ ತೆರೆದಿದ್ದ. ಅದರ ಗುಪ್ತಪದವನ್ನು ಅವಳೇ ಕೂತು ಆರಿಸಿದ್ದಳು. ಅಣ್ಣನಿಗೂ ಹೇಳಿರಲಿಲ್ಲ. ಹೇಳಿದ್ದು ಒಬ್ಬರಿಗೆ ಮಾತ್ರ. ಕಳೆದ ದೀಪಾವಳಿಯಲ್ಲಿ ಲಕ್ಷ್ಮೇಶ್ವರದ ಮನೆಯಲ್ಲಿ ಲಾಳಿಯನ್ನು ತೊಡೆಯ ಮೇಲಿಟ್ಟುಕೊಂಡು, "ನಮ್ಮ ಅಂಗಡಿದೊಂದು ಬೋರ್ಡ್ ಮಾಡೂದೈತಿ, ಜಲ್ದಿ ಹೇಳ," ಎಂದು ಕೇಳಿದಾಗ ಹೋಳಿಗೆ ಬೇಯಿಸುತ್ತಲೇ ಕೂಗಿ ಹೇಳಿದ್ದಳು. ಹೊಳೆಯಪ್ಪ ಬಾಯಿಬಿಟ್ಟು ಹೇಳಲಾರದೆ ಹೋದ ಹೆಸರೂ ಅದೇ ಇರಬೇಕು.

ಫೋನು ಅದುರಿತು. ಸುದೀಪ.

ಎತ್ತದೆ ಇರಲು ಆಗಲಿಲ್ಲ. ಎತ್ತಿದಳು.

"ಏನ್ ಮಾಡಾಕತ್ತೀ?" ದಿನದ ದನಿ, ದಿನದ ಮಾತು. "ಸಾಮಾನು ಕಟ್ಟೂದು ಆತೇನು?"

"ನಡದೈತಿ. ನೀ ಎಲ್ಲದೀ?"

"ಎಲ್ಲಿರ್ತೀನಿ? ಮುಂಡರಗ್ಯಾಗ, ಅಂಗಡ್ಯಾಗ ಕುಂತೀನಿ. ಗಿರಾಕಿ ಇಲ್ಲ ಏನಿಲ್ಲ. ಜೋಡಿಗೆ ಯಾರರೆ ಅದಾರೇನು?"

ಆಗ ಕಿಟಕಿಯ ಕೆಳಗೆ, ಓಣಿಯಲ್ಲಿ, ಕೂದಲು ಕೊಳ್ಳುವವನ ಮೊಪೆಡ್ಡು ಬಂತು. ಅದಕ್ಕೆ ಕಟ್ಟಿದ್ದ ಮೈಕು ಕರಕರನೆ ಕೂಗಿತು. "ಕೂದ್ಲಾ... ಕೂದ್ಲಾ ಕೊಟ್ಟು ಪಾತ್ರಿ ತಗೋರೀ..."

ನೇತ್ರಾ ಫೋನಿಲ್ಲದ ಕಿವಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿದಳು.

ಫೋನಿನೊಳಗೆ, ಸುದೀಪನ ಉಸಿರಿನ ಹಿಂದೆ, ಅದೇ ಮೈಕು ಕೂಗುತ್ತಿತ್ತು. "ಪಾತ್ರಿ ತಗೋರೀ..."

ಅವನಿಗೂ ಕೇಳಿತು. ಮೊಪೆಡ್ಡು ದೂರ ಹೋಗುವ ತನಕ ಇಬ್ಬರೂ ಕೇಳುತ್ತ ಇದ್ದರು.

"ನೇತ್ರಾ," ಅಂದ ಸುದೀಪ. ದನಿ ಈಗ ಬೇರೆಯಾಗಿತ್ತು. "ಅಲ್ಲೇ ಇರು. ಬರ್ತೀನಿ."

ಫೋನು ಕಡಿಯಿತು. ಪಕ್ಕದ ಗೋಡೆಯಾಚೆ, ಬಾಗಿಲು ಮುಚ್ಚಿದ್ದ ನೂಲಿನ ಕೋಣೆಯಲ್ಲಿ, ಯಾರೋ ಕುರ್ಚಿ ಹಿಂದಕ್ಕೆ ಸರಿಸಿ ಎದ್ದ ಸಪ್ಪಳವಾಯಿತು.